ವಿಂಡೋಸ್ 10ರಿಂದ 11ಕ್ಕೆ: ಕೇಳ್ರಿ, ರಿಪೇರಿ ಸರ್ ಹೇಳ್ತಾರ

ಅಡ್ಮಿನ್, ಬಾಗಲಕೋಟೆ: ಎಲ್ಲಾರ್ಗೂ ನಮಸ್ಕಾರ್ರಿ. ಗುಂಪಿನಾಗ ದಿನಾ ಅದೇ ಪ್ರಶ್ನೆ ಬರಾಕತ್ತಾವು. ಅದಕ್ಕ ಇವತ್ತ ಸಂಜೀಕ ವಿಜಯಪುರದ ರಿಪೇರಿ ಸರ್ ಎರಡ್ ತಾಸು ಇಲ್ಲೇ ಇರ್ತಾರ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಯಾವ್ದು ಅಂತ ಬರದು ಕೇಳ್ರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ರಿಪೇರಿ, ವಿಜಯಪುರ: ಶರಣ್ರಿ. ಮೊದ್ಲ ಇಷ್ಟು ಓದ್ರಿ, ಅರ್ಧ ಪ್ರಶ್ನೆ ಇಲ್ಲೇ ಮುಗೀತಾವು. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಪುಕ್ಕಟೆ ಸೆಕ್ಯುರಿಟಿ ಅಪ್‌ಡೇಟ್ ನಿಂತಾವು. ಕಂಪ್ಯೂಟರ್ ಬಂದ್ ಬೀಳೂದಿಲ್ಲ, ಹೊಸಾ ತೂತಿಗೆ ತೇಪಿ ಬೀಳೂದಿಲ್ಲ ಅಷ್ಟ. 11ಕ್ಕ ಇಂಟೆಲ್ ಆದ್ರ 8ನೇ ಜನರೇಷನ್ನಿಂದ ಮ್ಯಾಲೆ ಬೇಕು. ಎಎಂಡಿ ಆದ್ರ ರೈಜನ್ 2000 ಸಾಲಿನಿಂದ ಮ್ಯಾಲೆ, ಅದ್ರಾಗೂ ಕೆಲವು ಹೊರಗ ಉಳದಾವು, ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿ ನೋಡ್ರಿ. ಟಿಪಿಎಂ 2.0 (ಬೀಗದ ಗುಟ್ಟು ಇಡೂ ಭಾಗ), ಯುಇಎಫ್‌ಐ (ಮಷೀನ್ ಎಬ್ಬಸೂ ಹೊಸಾ ನಮೂನಿ ಬಯೋಸ್), 64 ಜಿಬಿ ಜಾಗಾ ಬೇಕು. ರ‍್ಯಾಮ್ 4 ಜಿಬಿ ಸಾಕು ಅಂತ ಕಾಗದದ ಮ್ಯಾಲೆ ಐತಿ, 8 ಇಲ್ಲಂದ್ರ ಕೈ ಹಚ್ಚಬ್ಯಾಡ್ರಿ. ಹಾರ್ಡ್ ಡಿಸ್ಕ್ ಮ್ಯಾಲೆ 11 ಹಾಕೂದಂತೂ ಎತ್ತಿಲ್ಲದ ಬಂಡಿ. ಮೊದ್ಲ ಎಸ್ಎಸ್‌ಡಿ.

ಜಮಖಂಡಿ: ಸರ್, ಐ3 3220, 4 ಜಿಬಿ, ಎಚ್61 ಬೋರ್ಡ್. 11 ಆಗ್ತೈತಾ?

ರಿಪೇರಿ, ವಿಜಯಪುರ: ಆಗೂದಿಲ್ಲ. ಅದು 3ನೇ ಜನರೇಷನ್. 10ನ್ನ ಇಟ್ಕೊಂಡು ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ಹೆಸರು ಹಚ್ರಿ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಸೆಟ್ಟಿಂಗ್ಸ್, ಅಪ್‌ಡೇಟ್ ಪುಟದಾಗ 'ಎನ್ರೋಲ್' ಅಂತ ಬರ್ತೈತಿ. ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಇಟ್ರ ರೊಕ್ಕ ಇಲ್ಲ. 2026ರ ಅಕ್ಟೋಬರ್ 13ರ ತನಕ ನಡೀತೈತಿ.

ನವನಗರ, ಬಾಗಲಕೋಟೆ: ಐ5 9400, 16 ಜಿಬಿ. ಟಿಪಿಎಂ ಸರಿ ತೋರಸ್ತೈತಿ, ಸೆಕ್ಯೂರ್ ಬೂಟ್ (ನಂಬಿಗಸ್ತ ಸಿಸ್ಟಮ್ ಅಷ್ಟ ಏಳಾಕ ಬಿಡೂ ಕಾವಲು) ಮುಂದ ಕೆಂಪು. ಬಯೋಸ್‌ನಾಗ ಸಿಎಸ್ಎಂ (ಹಳೇ ಪದ್ಧತಿಲೆ ಎಬ್ಬಸೂ ಸೆಟ್ಟಿಂಗ್) ತಗದ್ರ ವಿಂಡೋಸ್ಸೇ ಏಳವಲ್ದು ಸರ್.

ರಿಪೇರಿ, ವಿಜಯಪುರ: ನಿಮ್ಮ ಡಿಸ್ಕ್ ಎಂಬಿಆರ್ ಅನ್ನೋ ಹಳೇ ನಮೂನಿ ಹಂಚಿಕಿದು ಐತಿ, ಅದಕ್ಕ; ಯುಇಎಫ್‌ಐಗೆ ಹೊಸಾ ನಮೂನಿ ಜಿಪಿಟಿ ಬೇಕು. ಸಿಎಸ್ಎಂ ಮೊದ್ಲಿನಂಗ ಹಚ್ಚಿ ವಿಂಡೋಸ್ 10 ಎಬ್ಬಸ್ರಿ. ಡೇಟಾ ಬ್ಯಾರೆ ಡಿಸ್ಕಿಗೆ ತಗೀರಿ. ಆಮ್ಯಾಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಾಗ ಎಂಬಿಆರ್2ಜಿಪಿಟಿ, ಜಾಗಾ ಬಿಟ್ಟು ಸ್ಲ್ಯಾಶ್ ವ್ಯಾಲಿಡೇಟ್, ಜಾಗಾ ಬಿಟ್ಟು ಸ್ಲ್ಯಾಶ್ ಅಲೌಫುಲ್‌ಓಎಸ್. ಟೈಪ್ ಮಾಡೂದು ಇಂಗ್ಲಿಷ್‌ನಾಗ್ರಿ, ಗುಂಪಿನ ನಿಯಮ ಅಂತ ನಾ ಕನ್ನಡದಾಗ ಬರೀಲಿಕತ್ತೀನಿ. ವ್ಯಾಲಿಡೇಟ್ ಪಾಸಾದ್ರ ಆ ಜಾಗದಾಗ ಕನ್ವರ್ಟ್ ಹಾಕ್ರಿ. ಮುಗದಮ್ಯಾಲೆ ಬಯೋಸ್‌ಗೆ ಹೋಗಿ ಸಿಎಸ್ಎಂ ತಗೀರಿ, ಸೆಕ್ಯೂರ್ ಬೂಟ್ ಹಚ್ರಿ.

ನಮ್ಮ ಕಡೆ ಇದು ಫೇಲ್ ಆಗೂದಕ್ಕ ಒಂದೇ ಕಾರಣ: ಮಾರುವಾಗ್ಲೇ ಸಿ, ಡಿ, ಇ, ಎಫ್ ಅಂತ ಹೋಳು ಮಾಡಿ ಕೊಟ್ಟಿರ್ತಾರ. ಆ ಡಿ, ಇ, ಎಫ್ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಬ್ಯಾರೆ ಹೋಳು ಹಿಡಿಯೂ ದೊಡ್ಡ ಹೋಳು) ಒಳಗಿದ್ರ ಈ ಕಮಾಂಡ್ ಮುಟ್ಟೂದಿಲ್ಲ. ಪ್ರೈಮರಿ ಅಂದ್ರ ನೇರ ಹೋಳು ನಾಕಿದ್ರೂ ಒಲ್ಲೆ ಅಂತೈತಿ, ಮೂರರ ಒಳಗ ಇರಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಾಗ ಹಸಿರು ಚೌಕಟ್ಟು ಕಂಡ್ರ ಮೊದ್ಲ ಅದ್ರಾಗಿನ ಡೇಟಾ ಹೊರಗ ತಗದು ಪಾರ್ಟಿಷನ್ ಅಳಸ್ರಿ.

ಗೋಕಾಕ, ಶಿಕ್ಷಕಿ: ಸರ್, ನಮ್ಮ ಡೆಸ್ಕ್‌ಟಾಪ್ ಐ3 8100, 8 ಜಿಬಿ, 256 ಎಸ್ಎಸ್‌ಡಿ. ಹೋದ ತಿಂಗಳು ಒಬ್ಬರ ಕಡೆಯಿಂದ 11 ಹಾಕಿಸಿದೆವು. ಆವಾಗಿನಿಂದ ದಿನಾ ಬೆಳಿಗ್ಗೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಹಾಕಿದವರು ಎರಡು ಸಲ ಬಂದು ಬಯೋಸ್‌ನಲ್ಲಿ ಏನೋ ಮಾಡಿ ಸರಿ ಮಾಡಿದರು, ಈಗ ಫೋನ್ ಎತ್ತುತ್ತಿಲ್ಲ. ಒಮ್ಮೆ ಸರಿಯಾದರೆ ಆ ದಿನ ಎಷ್ಟು ಸಲ ರಿಸ್ಟಾರ್ಟ್ ಮಾಡಿದರೂ ಕೇಳಲ್ಲ. ಒಳಗೆ ಹತ್ತನೇತ್ತೆಯ ಆರು ವರ್ಷದ ಪ್ರಶ್ನೆಪತ್ರಿಕೆ ಇವೆ. ಬ್ಯಾಕಪ್ ಇಲ್ಲ.

ಇಳಕಲ್: ಮೇಡಮ್ ಇದು ಭಾಳ ಸರಳ. ಫಾರ್ವರ್ಡ್ ಬಂದಿದ್ದು ಹಾಕ್ತೀನಿ ನೋಡ್ರಿ: 'ನೀಲಿ ಪರದೆ ಬಂದರೆ ಬಯೋಸ್‌ಗೆ ಹೋಗಿ ಕ್ಲಿಯರ್ ಟಿಪಿಎಂ ಒತ್ತಿ, ಕೀ ಕೇಳುವುದು ಶಾಶ್ವತವಾಗಿ ನಿಲ್ಲುತ್ತದೆ, ನೂರಕ್ಕೆ ನೂರು ಗ್ಯಾರಂಟಿ, ಎಲ್ಲಾ ಗುಂಪಿಗೂ ಕಳಿಸಿ.'

ರಿಪೇರಿ, ವಿಜಯಪುರ: ಅಕ್ಕೋರ, ಅದನ್ನ ಮಾಡಬ್ಯಾಡ್ರಿ! ಇಳಕಲ್ ಅಣ್ಣಾರ, ಆ ಮೆಸೇಜ್ ಅಳಸ್ರಿ ಮೊದ್ಲ. ಡಿಸ್ಕಿನ ಕೀಲಿ ಬಿಚ್ಚೂ ಗುಟ್ಟು ಟಿಪಿಎಂ ಒಳಗ ಐತಿ. ಅದನ್ನ ಒರಸಿದಮ್ಯಾಲೆ ಆ 48 ಅಂಕಿ ಒಂದೇ ದಾರಿ. ಅಕ್ಕೋರ ಕಡೆ ಅಂಕಿ ಇಲ್ಲ. ಆರು ವರ್ಷದ್ದು ಒಂದ್ ಗುಂಡಿಗೆ ಹೋಗ್ತಿತ್ತು.

ಅಕ್ಕೋರ, ಮೂರು ಮಾತಿಗೆ ಉತ್ತರ ಕೊಡ್ರಿ. ರಾತ್ರಿ ಗ್ವಾಡಿ ಸ್ವಿಚ್ ಆರಸ್ತೀರೇನು? ಬೆಳಿಗ್ಗೆ ಬಯೋಸ್‌ನಾಗ ತಾರೀಖು ಏನ್ ತೋರಸ್ತೈತಿ? ನೀಲಿ ಪರದೆಕಿಂತ ಮೊದ್ಲ ಕರಿ ಪರದೆ ಮ್ಯಾಲೆ ಎಫ್1 ಒತ್ರಿ ಅಂತ ಬರ್ತೈತೇನು?

ಗೋಕಾಕ, ಶಿಕ್ಷಕಿ: ಹೌದು, ಯುಪಿಎಸ್ ಸಮೇತ ಆರಿಸುತ್ತೇವೆ. ತಾರೀಖು 2018 ಜನವರಿ 1. ಎಫ್1 ಬರುತ್ತದೆ, ಮೊದಲಿನಿಂದಲೂ ಬರುತ್ತಿತ್ತು, ಅದು ಹಾಗೇ ಅಂದುಕೊಂಡಿದ್ದೆ.

ರಿಪೇರಿ, ವಿಜಯಪುರ: ಸಿಕ್ತು. ರೋಗ ವಿಂಡೋಸಿಂದಲ್ಲ, ಬೋರ್ಡಿನ ಮ್ಯಾಲಿನ ಗುಂಡು ಸೆಲ್ಲಿಂದು. ಸಿಆರ್2032.

ಹೆಂಗಂದ್ರ ಕೇಳ್ರಿ. ಗ್ವಾಡಿ ಸ್ವಿಚ್ ಚಾಲೂ ಇದ್ದಷ್ಟೊತ್ತು ಕಂಪ್ಯೂಟರ್ ಆರಸಿದ್ರೂ ಎಸ್ಎಂಪಿಎಸ್ (ಒಳಗಿನ ಪವರ್ ಡಬ್ಬಿ) 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡ್ತಿರ್ತೈತಿ, ಬಯೋಸಿನ ನೆನಪು ಅದ್ರ ಮ್ಯಾಲೆ ಉಳೀತೈತಿ. ಅದಕ್ಕ ಹಗಲಿ ತ್ರಾಸ ಇಲ್ಲ. ರಾತ್ರಿ ಸ್ವಿಚ್ ಆರಸಿದ್ರ ಬರೇ ಸೆಲ್. ಸೆಲ್ ಸತ್ತೈತಿ, ಬಯೋಸ್ ಫ್ಯಾಕ್ಟರಿ ಸೆಟ್ಟಿಂಗಿಗೆ ಬೀಳ್ತೈತಿ: ಪಿಟಿಟಿ ಅಂದ್ರ ಇಂಟೆಲ್ಲಿನ ಟಿಪಿಎಂ ಬಂದ್, ಸೆಕ್ಯೂರ್ ಬೂಟ್ ಬಂದ್. ಬೆಳಿಗ್ಗೆ ಡಿಸ್ಕಿಗೆ ಬೀಗ ಹಾಕೂ ಬಿಟ್‌ಲಾಕರ್ ನೋಡ್ತೈತಿ, ಇದು ನಿನ್ನಿ ಮಷೀನ್ ಅಲ್ಲ ಅಂತ ಕೀ ಕೇಳ್ತೈತಿ. 10 ಇದ್ದಾಗ ಡಿಸ್ಕಿಗೆ ಬೀಗ ಇರಲಿಲ್ಲ, ಅದಕ್ಕ ಬರೇ ಎಫ್1ದಾಗ ಮುಗೀತಿತ್ತು. 11ರ 24ಎಚ್2 ಆವೃತ್ತಿನ್ನ ಫಾರ್ಮ್ಯಾಟ್ ಮಾಡಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ್ರ ಡಿವೈಸ್ ಎನ್‌ಕ್ರಿಪ್ಷನ್ ಅಂದ್ರ ಈ ಬೀಗ ತಾನ ಚಾಲೂ ಆಗ್ತೈತಿ, ಹೋಮ್ ಆವೃತ್ತಿಯಾಗೂ. 10ರ ಮ್ಯಾಲೆನ ಅಪ್‌ಗ್ರೇಡ್ ಮಾಡಿದ್ರ ಹಂಗ ತಾನ ಹತ್ತೂದಿಲ್ಲ.

ಈಗ ಮಾಡೂದು. ಬಯೋಸ್‌ಗೆ ಹೋಗ್ರಿ. ತಾರೀಖು ಸರಿ ಮಾಡ್ರಿ. ಸಿಎಸ್ಎಂ ಬಂದ್, ಪಿಟಿಟಿ ಚಾಲೂ, ಸೆಕ್ಯೂರ್ ಬೂಟ್ ಚಾಲೂ. ಸಾಟಾ ಮೋಡ್ ಎಎಚ್‌ಸಿಐ ಇದ್ರ ಹಂಗ ಬಿಡ್ರಿ. ಟಿಪಿಎಂ ಕ್ಲಿಯರ್ ಮಾಡ್ಲೇನು ಅಂತ ಕೇಳಿದ್ರ ಇಲ್ಲ ಅನ್ರಿ. ಎಫ್10 ಒತ್ತಿ ಹೊರಗ ಬರ್ರಿ. ಅವ್ರು ಎರಡ್ ಸಲ ಮಾಡಿದ್ದೂ ಇಷ್ಟ ಇರಬೇಕು. ಕೀ ಕೇಳದ ಒಳಗ ಹೋದ್ರ ಬ್ಯಾರೆ ಏನೂ ಮುಟ್ಟಬ್ಯಾಡ್ರಿ, ಮೊದ್ಲ ಪೆನ್‌ಡ್ರೈವಿಗೆ ಪ್ರಶ್ನೆಪತ್ರಿಕೆ ತಗೀರಿ. ಆಮ್ಯಾಲೆ ಇಲ್ಲಿ ಬರೀರಿ. ಗ್ವಾಡಿ ಸ್ವಿಚ್ ಆರಸಬ್ಯಾಡ್ರಿ.

ಟಿಳಕವಾಡಿ, ಬೆಳಗಾವಿ: ಇದಕ್ಕೇ ಹೇಳೂದು, ವಿಂಡೋಸ್ ಬದ್ಲಿ ಲಿನಕ್ಸ್ ಮಿಂಟ್ ಹಾಕ್ರಿ ಅಂತ. ಕೀ ಇಲ್ಲ, ಟಿಪಿಎಂ ಇಲ್ಲ, ಮೂರನೇ ಜನರೇಷನ್ ಮ್ಯಾಲೂ ಓಡ್ತೈತಿ. ಮಿಂಟ್ 22ಕ್ಕ 2029ರ ತನಕ ಅಪ್‌ಡೇಟ್ ಐತಿ.

ತಿಕೋಟಾ, ಒಣದ್ರಾಕ್ಷಿ ವ್ಯಾಪಾರ: ಟ್ಯಾಲಿ ನಡೀತೈತೇನ್ರಿ ನಿಮ್ಮ ಮಿಂಟ್‌ನಾಗ?

ಟಿಳಕವಾಡಿ, ಬೆಳಗಾವಿ: ವಿಂಡೋಸ್ ಪ್ರೋಗ್ರಾಮ್ ಲಿನಕ್ಸ್‌ನಾಗ ಓಡಸೂ ವೈನ್ ಅಂತ ಐತಿ, ಹಾಕಿ ನೋಡ್ರಿ.

ತಿಕೋಟಾ, ಒಣದ್ರಾಕ್ಷಿ ವ್ಯಾಪಾರ: ನೋಡ್ರಿ ಅಂದ್ರ? ಜಿಎಸ್‌ಟಿ ತುಂಬೂ ದಿನ ನೋಡ್ಕೋತ ಕೂಡ್ಲೇನು? ಸರ್, ನಂದೂ ಒಂದ್ ಕೇಳೂದೈತಿ. ವಿಂಡೋಸ್ 10 32-ಬಿಟ್ ಐತಿ, ಪ್ರೊಸೆಸರ್ 8ನೇ ಜನರೇಷನ್. ಹಳೇ ಡಾಸ್ ಲೆಕ್ಕದ ಪ್ರೋಗ್ರಾಮ್, ಫಾಕ್ಸ್‌ಪ್ರೋದ್ದು, ಅದ್ರಾಗ ಓಡ್ತೈತಿ. 11ಕ್ಕ ಹೋದ್ರ?

ರಿಪೇರಿ, ವಿಜಯಪುರ: 11ರಾಗ 32-ಬಿಟ್ ಆವೃತ್ತಿನ ಇಲ್ಲ. ಅಪ್‌ಗ್ರೇಡ್ ಗುಂಡಿ ಕೆಲಸ ಮಾಡೂದಿಲ್ಲ, ಫಾರ್ಮ್ಯಾಟ್ ಮಾಡೇ ಹಾಕಬೇಕು. 64-ಬಿಟ್ ವಿಂಡೋಸ್ ಮ್ಯಾಲೆ ಡಾಸ್ ಪ್ರೋಗ್ರಾಮ್ ಏಳೂದಿಲ್ಲ. ಹಳೇ ಡಾಸ್‌ನಂಗ ನಡಕೊಳ್ಳೂ ಡಾಸ್‌ಬಾಕ್ಸ್ ಒಳಗ ಓಡಿಸಿ ನೋಡಬಹುದು. ಪ್ರೋಗ್ರಾಮಿನ ಪೂರಾ ಫೋಲ್ಡರ್ ನಕಲು ತಗದು ಬ್ಯಾರೆ ಮಷೀನ್‌ನಾಗ ಒಂದ್ ತಿಂಗಳ ಲೆಕ್ಕ ಹೊಡದು, ಪ್ರಿಂಟೂ ತಗದು ನೋಡ್ರಿ. ಅಲ್ಲೀತನಕ ಹಳೇದನ್ನ ಅಳಸಬ್ಯಾಡ್ರಿ.

ಜಮಖಂಡಿ: ಸರ್ ಐ5 7400 ಇದ್ರ? ಅದೂ ಐ5 ಅಲ್ಲೇನು?

ರಿಪೇರಿ, ವಿಜಯಪುರ: 7ನೇದು. ಇಲ್ಲ.

ಮುಧೋಳ, ಡಿಟಿಪಿ: ಫಾರ್ಮ್ಯಾಟ್ ಮಾಡದ 11 ಮ್ಯಾಲೆ ಹಾಕ್ಯಾರ. ಲಗ್ನಪತ್ರಿಕೆ ಫೈಲ್ ತಗದ್ರ ಕನ್ನಡ ಇದ್ದಲ್ಲಿ ಬರೇ ಇಂಗ್ಲಿಷ್ ಕಸ ಬರಾಕತ್ತೈತಿ. ಫೈಲ್ ಕೆಟ್ಟಾವೇನ್ರಿ?

ರಿಪೇರಿ, ವಿಜಯಪುರ: ಕೆಟ್ಟಿಲ್ಲ. ಅವು ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಫಾಂಟಿನ ಫೈಲು. ಒಳಗ ಇರೂದೇ ಇಂಗ್ಲಿಷ್ ಸಂಕೇತ, ಫಾಂಟ್ ಅದಕ್ಕ ಕನ್ನಡದ ಅಂಗಿ ತೊಡಸ್ತಿತ್ತು. ಸಿ ಡ್ರೈವಿನಾಗ ವಿಂಡೋಸ್.ಓಲ್ಡ್ ಅಂತ ಫೋಲ್ಡರ್ ಐತೇನು ನೋಡ್ರಿ. ಅದ್ರ ಒಳಗ ವಿಂಡೋಸ್, ಫಾಂಟ್ಸ್. ನುಡಿ ಅಂತ ಶುರುವಾಗೂ ಎಲ್ಲಾ ಫಾಂಟ್ ಹೊಸಾ ಫಾಂಟ್ಸ್ ಫೋಲ್ಡರಿಗೆ ಹಾಕ್ರಿ. ಇವತ್ತ ಮಾಡ್ರಿ, ಆ ಫೋಲ್ಡರ್ 10 ದಿನಕ್ಕ ತಾನ ಅಳದು ಹೋಗ್ತೈತಿ. ತುಂಗಾ ಫಾಂಟ್ ಬೇಕಂದ್ರ ಸೆಟ್ಟಿಂಗ್ಸ್‌ನಾಗ ಆಪ್ಷನಲ್ ಫೀಚರ್ಸ್ ತಗದು ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕ್ರಿ.

ಟಿಳಕವಾಡಿ, ಬೆಳಗಾವಿ: ಇನ್ನೂ ಆಸ್ಕಿ ಒಳಗ ಕುಂತಿರೂದೇ ತಪ್ಪು. ಕನ್ನಡಕ್ಕ ತನ್ನದ ಸಂಕೇತ ಇರೂ ಯೂನಿಕೋಡ್ ಬಂದು ಎಷ್ಟ್ ವರ್ಷ ಆತು? ಮಿಂಟ್‌ನಾಗ ಕೆಜಿಪಿ ಕೀಲಿಮಣೆ ಐತಿ, ನುಡಿದಂಗ ಟೈಪ್ ಆಗ್ತೈತಿ.

ಮುಧೋಳ, ಡಿಟಿಪಿ: ಯೂನಿಕೋಡ್ ನಮಗೂ ಗೊತ್ತೈತಿ. ಹಳೇ ಪೇಜ್‌ಮೇಕರಿಗೆ ಗೊತ್ತಿಲ್ಲ. ಗಿರಾಕಿ ಹೋದ ವರ್ಷದ್ದೇ ಪತ್ರಿಕೆ ತೋರಿಸಿ ಹೆಸರಷ್ಟ ಬದಲ್ ಮಾಡು ಅಂತಾನ. ಅವಾಗ ನೀವ್ ಬಂದು ಕೂಡ್ತೀರೇನು?

ಟಿಳಕವಾಡಿ, ಬೆಳಗಾವಿ: ಕಲಿಯೂ ಮನಸ್ಸಿಲ್ಲದವ್ರಿಗೆ ಏನ್ ಹೇಳೂದು.

ಮುಧೋಳ, ಡಿಟಿಪಿ: ಕಲಿಸೂದು ಬಿಟ್ಟು ಕೆಲಸ ಮಾಡೂ ಮನಸ್ಸಿಲ್ಲದವ್ರಿಗೂ.

ಅಡ್ಮಿನ್, ಬಾಗಲಕೋಟೆ: ಇಬ್ಬರೂ ಸಾಕು ಮಾಡ್ರಿ.

ಬಸವನ ಬಾಗೇವಾಡಿ: ಲ್ಯಾಪ್‌ಟಾಪ್ ಫ್ಯಾನ್ ಭಾಳ ಆವಾಜ್ ಮಾಡ್ತೈತಿ, 11 ಹಾಕಿದ್ರ ಕಡಿಮಿ ಆಗ್ತೈತಾ?

ಇಳಕಲ್: ಸರ್ ಸಿಟ್ಟಾಗಬ್ಯಾಡ್ರಿ, ಇದು ಬ್ಯಾರೆ ಫಾರ್ವರ್ಡ್. ಆಕ್ಟಿವೇಟರ್ ಅಂತ, ಆಂಟಿವೈರಸ್ ಆರಿಸಿ ಓಡಿಸಿದ್ರ ಲೈಸೆನ್ಸ್ ಪುಕ್ಕಟೆ ಅಂತ. ಖರೇನಾ?

ರಿಪೇರಿ, ವಿಜಯಪುರ: ಆಂಟಿವೈರಸ್ ಆರಸ್ರಿ ಅಂತ ಹೇಳೂ ಯಾವ ಫೈಲೂ ಓಡಸಬ್ಯಾಡ್ರಿ. ಮನಿ ಬಾಗಿಲ ತಗದಿಡ್ರಿ ಅಂತ ಚೀಟಿ ಬರದವ ಯಾರಿರ್ತಾನ? ಅದೇ ಮಷೀನ್‌ನಾಗ ಬ್ಯಾಂಕ್ ಪಾಸ್‌ವರ್ಡ್ ಹೊಡಿತೀರಿ. ಆಕ್ಟಿವೇಟ್ ಆಗಿರೂ ಅಸಲಿ 10 ಇದ್ರ ಅದೇ ಮಷೀನ್‌ಗೆ 11 ಪುಕ್ಕಟೆನ ಆಗ್ತೈತಿ, ಬ್ಯಾರೆ ಕೀ ಬೇಕಾಗಿಲ್ಲ. ಇನ್ನೊಂದ್ ಫಾರ್ವರ್ಡ್ ಹಾಕಿದ್ರ ನಾ ಎದ್ದು ಹೋಗ್ತೀನಿ.

ಜಮಖಂಡಿ: ತಪಾಸಣಿ ತಪ್ಪಿಸೂ ರೂಫಸ್ ಅನ್ನೋ ಪ್ರೋಗ್ರಾಮಿನಿಂದ ಹಾಕಿದ್ರ ಐ3 ಮ್ಯಾಲೆ ಬರ್ತೈತಿ ಅಂತಾರಲ್ಲ ಸರ್?

ರಿಪೇರಿ, ವಿಜಯಪುರ: ಬರ್ತೈತಿ. ಮುಂದ ಅಪ್‌ಡೇಟ್ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ಕೋರ್ 2 ಡ್ಯುಓ ಕಾಲದ್ದು ಇದ್ರ 24ಎಚ್2 ಎದ್ದೇಳೂದೂ ಇಲ್ಲ, ಪಾಪ್‌ಕೌಂಟ್ ಅನ್ನೋ ಇನ್‌ಸ್ಟ್ರಕ್ಷನ್ ಆ ಚಿಪ್ಪಿನಾಗಿಲ್ಲ. ಮೂರನೇ ಸಲ ಕೇಳಾಕತ್ತೀರಿ. 10, ಇಲ್ಲಂದ್ರ ಮಿಂಟ್.

ಟಿಳಕವಾಡಿ, ಬೆಳಗಾವಿ: ನೋಡ್ರಿ, ಸರ್ ಬಾಯಿಂದನೂ ಬಂತು.

ಗೋಕಾಕ, ಶಿಕ್ಷಕಿ: ಸರ್, ಒಳಗೆ ಹೋಯಿತು! ಕೀ ಕೇಳಲಿಲ್ಲ. ಪ್ರಶ್ನೆಪತ್ರಿಕೆ ಎಲ್ಲಾ ಪೆನ್‌ಡ್ರೈವಿಗೆ ಬಂದವು, ಎರಡು ನಕಲು ತೆಗೆದಿದ್ದೇನೆ. ಆದರೆ ಲಾಗಿನ್ ಆಗಿರುವ ಮೇಲ್ ಐಡಿ ನಮ್ಮದಲ್ಲ, ಹಾಕಿದವರದು ಇರಬೇಕು.

ರಿಪೇರಿ, ವಿಜಯಪುರ: ಅದ ನನಗ ಅಂಜಿಕಿ ಇತ್ತು. ನಿಮ್ಮ ಮನಿ ಕೀಲಿ ಅವ್ರ ಅಕೌಂಟಿನಾಗ ಕುಂತೈತಿ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತಗೀರಿ: ಮ್ಯಾನೇಜ್-ಬಿಡಿಇ, ಜಾಗಾ, ಅಡ್ಡಗೀಟು ಪ್ರೊಟೆಕ್ಟರ್ಸ್, ಜಾಗಾ, ಅಡ್ಡಗೀಟು ಗೆಟ್, ಜಾಗಾ, ಸಿ ಕೋಲನ್. ನ್ಯೂಮರಿಕಲ್ ಪಾಸ್‌ವರ್ಡ್ ಕೆಳಗ ಆರಾರು ಅಂಕಿಯ ಎಂಟು ಗುಂಪು ಬರ್ತಾವು. ಹಾಳಿ ಮ್ಯಾಲೆ ಬರಕೊಳ್ರಿ. ಆಮ್ಯಾಲೆ ಅದೇ ಸಾಲಿನಾಗ ಗೆಟ್ ಬದ್ಲಿ ಡಿಸೇಬಲ್, ಸಿ ಕೋಲನ್ ಆದಮ್ಯಾಲೆ ಜಾಗಾ, ಅಡ್ಡಗೀಟು ಆರ್‌ಸಿ, ಜಾಗಾ, ಸೊನ್ನಿ. ಇದ್ರಿಂದ ಬೀಗ ಸದ್ಯಕ್ಕ ಸಡಲಾಗ್ತೈತಿ; ಸೊನ್ನಿ ಬಿಟ್ರ ಒಂದ್ ರಿಸ್ಟಾರ್ಟಿಗೆ ಬೀಗ ಮತ್ತ ಬೀಳ್ತೈತಿ.

ಈಗ ಆರಿಸಿ, ವೈರ್ ಕಿತ್ತು, ಪವರ್ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಸೆಲ್ ಬದಿಯ ಕೊಂಡಿ ಉಗುರಿನಿಂದ ಹಿಂದಕ ಒತ್ತಿದ್ರ ಜಿಗದು ಬರ್ತೈತಿ. ಹೊಸಾದು ಅಧಿಕ ಚಿಹ್ನೆ ಮ್ಯಾಲ ಮಾಡಿ ಕೂಡಸ್ರಿ. ನೂರು ರೂಪಾಯಿ ಮುಟ್ಟೂದಿಲ್ಲ. ಬಯೋಸ್ ಮತ್ತ ಮೊದ್ಲಿನಂಗ ಹಚ್ಚಿ, ರಾತ್ರಿ ಪೂರಾ ವೈರ್ ಕಿತ್ತಿಡ್ರಿ.

ಇಂಡಿ: ಪ್ರಿಂಟರ್ 11ಕ್ಕ ಹಾಕಿದಮ್ಯಾಲೆ ಸಿಗವಲ್ದು ಸರ್, ಹಳೇ ಲೇಸರ್.

ಜಮಖಂಡಿ: ಸರ್, ರ‍್ಯಾಮ್ 8 ಮಾಡಿಸಿದ್ರ ಐ3ಗೆ 11...

ರಿಪೇರಿ, ವಿಜಯಪುರ: ಅಡ್ಮಿನ್ ಸರ್, ಇವ್ರಿಗೆ ನೀವ ಹೇಳ್ರಿ.

(ಮರುದಿನ ಬೆಳಿಗ್ಗೆ)

ಗೋಕಾಕ, ಶಿಕ್ಷಕಿ: ನೀಲಿ ಪರದೆ ಇಲ್ಲ ಸರ್. ಎಫ್1 ಇಲ್ಲ. ಗಡಿಯಾರ ಸರಿ ಇದೆ. ಹಳೆ ಸೆಲ್ ಮೀಟರ್‌ನಲ್ಲಿ 2.1 ವೋಲ್ಟ್ ಬಂತು.

ರಿಪೇರಿ, ವಿಜಯಪುರ: ಹೊಸಾದು 3ರ ಮ್ಯಾಲಿರ್ತೈತಿ ಅಕ್ಕೋರ. ಈಗ ಸೆಟ್ಟಿಂಗ್ಸ್‌ನಾಗ ಡಿವೈಸ್ ಎನ್‌ಕ್ರಿಪ್ಷನ್ ಆರಸ್ರಿ. ಬಿಚ್ಚಾಕ ತಾಸು ಹಿಡದೀತು, ನಡಬರಕ ಆರಸಬ್ಯಾಡ್ರಿ. ಮುಗದಮ್ಯಾಲೆ ನಿಮ್ಮದ ಮೈಕ್ರೋಸಾಫ್ಟ್ ಅಕೌಂಟ್ ಅಡ್ಮಿನಿಸ್ಟ್ರೇಟರ್ ಮಾಡಿ ಅದ್ರಿಂದ ಒಳಗ ಬಂದು ಅವ್ರ ಅಕೌಂಟ್ ತಗೀರಿ. ತಗಿಯೂ ಮೊದ್ಲ ಅವ್ರ ಹೆಸರಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಖಾಲಿ ಐತೇನು ನೋಡ್ರಿ, ಅಕೌಂಟ್ ಜೋಡಿ ಅವೂ ಹೋಗ್ತಾವು. ಆಮ್ಯಾಲೆ ಎನ್‌ಕ್ರಿಪ್ಷನ್ ಮತ್ತ ಹಚ್ರಿ, ಹೊಸಾ 48 ಅಂಕಿ ಹುಟ್ಟತಾವು. ನಿನ್ನಿ ಬರದ ಹಾಳಿ ಹರದು ಒಗೀರಿ, ಹೊಸಾದು ಬರದು ಬೀರುವಿನಾಗ ಇಡ್ರಿ.