ವರ್ಲಿಯ ಬಿಡಿಡಿ ಚಾಳು ಮೊದ್ಲು ಜೈಲಾಗಿತ್ತಾ?

ಮುಂಬೈಗೆ_ಹೊಸಬ:
ಆಫೀಸಿಗೆ ಹೋಗೋ ದಾರೀಲಿ ವರ್ಲಿ ಬಿಡಿಡಿ ಚಾಳು (ಒಂದೊಂದು ರೂಮಿನ ಬಾಡಿಗೆ ಮನೆಗಳ ವಠಾರ) ಕಾಣುತ್ತೆ, ಒಂದೇ ಅಚ್ಚಲ್ಲಿ ಹೊಯ್ದಂಗೆ ಸಾಲು ಸಾಲು ಬಿಲ್ಡಿಂಗು, ಪಕ್ಕದಲ್ಲೇ ಈಗ 40 ಮಹಡಿ ಟವರು. ರೂಮ್‌ಮೇಟು ಹೇಳ್ತಾನೆ ಬ್ರಿಟಿಷರು ಜೈಲಿಗೆ ಅಂತ ಕಟ್ಟಿದ್ದು, ಆಮೇಲೆ ಬಟ್ಟೆ ಮಿಲ್ಲಿನ ಕಾರ್ಮಿಕರಿಗೆ ಕೊಟ್ರು ಅಂತ. ನಿಜಾನಾ? ಮನೆಗೆ ಅಂತ್ಲೇ ಕಟ್ಟಿದ್ರೆ ರೂಮಿಗೊಂದು ಟಾಯ್ಲೆಟ್ ಯಾಕಿಲ್ಲ?

ಪರೇಲ್_ಮಾಮ:
ಉಲ್ಟಾ ಹೇಳಿದಾನೆ ಮಾರಾಯ್ರೆ. ಕಟ್ಟಿದ್ದು ಕಾರ್ಮಿಕರಿಗೇ, ಜೈಲಾಗಿದ್ದು ಆಮೇಲೆ. ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ, 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡೈರೆಕ್ಟೊರೇಟ್ ಅಂತ ಮಾಡಿದ್ರು, ಅದೇ ಬಿಡಿಡಿ. ಊರಿಗೆ ಬರೋ ಹತ್ತಿ ಮೂಟೆಗೆ 1 ರೂಪಾಯಿ ಸುಂಕ ಹಾಕಿ 50,000 ರೂಮು ಕಟ್ತೀವಿ ಅಂತ ಹೊರಟು ಕೊನೆಗೆ ವರ್ಲಿ, ನಾಯ್ಗಾಂವ್, ಡಿಲೈಲ್ ರೋಡ್, ಶಿವ್ಡಿ ಎಲ್ಲಾ ಸೇರಿ 207 ಬಿಲ್ಡಿಂಗಿಗೆ ನಿಂತೋಯ್ತು, ಸುಮಾರು 16,500 ರೂಮು. ಬ್ಯಾಕ್ ಬೇ ಸಮುದ್ರ ತುಂಬಿಸೋಕೆ ಹೋಗಿ ಕಾಂಗ್ರೆಸ್ ನಾಯಕ ಕೆ.ಎಫ್. ನರಿಮನ್ ಕೈಲಿ ಉಗಿಸ್ಕೊಂಡಿದ್ದೂ ಇದೇ ಇಲಾಖೆ.
ಟಾಯ್ಲೆಟ್ ವಿಷ್ಯ ಸಿಂಪಲ್. ಮಹಡಿಗೆ 20 ರೂಮು, ಒಂದೊಂದು 160 ಚದರಡಿ, ನಲ್ಲಿ ಟಾಯ್ಲೆಟ್ ಎಲ್ಲಾ ಕಾಮನ್, ಆಗ ಖರ್ಚು ಉಳೀತಲ್ಲ. ತಮಾಷೆ ಏನಂದ್ರೆ ಯಾರಿಗೋಸ್ಕರ ಕಟ್ಟಿದ್ರೋ ಅವರೇ ಬರ್ಲಿಲ್ಲ. ಬಾಡಿಗೆ ಜಾಸ್ತಿ, ನಡೂವೆ ಕಾರಿಡಾರು ಇದ್ದು ಕತ್ತಲೆ, ಎಲ್ಲಕ್ಕಿಂತ ಮುಖ್ಯ ಮಿಲ್ ಗೇಟಿಗೆ ದೂರ. ಆಗ ಜಾಬರ್ (ಮಿಲ್ಲಿಗೆ ಆಳು ಹಿಡಿಯೋ ಮೇಸ್ತ್ರಿ) ಬೆಳಿಗ್ಗೆ ಗೇಟಲ್ಲಿ ನಿಂತವರನ್ನ ನೋಡಿ ಕೆಲ್ಸ ಕೊಡ್ತಿದ್ದ, ಉದ್ರಿ ಕೊಡೋ ಅಂಗಡೀನೂ ಅಲ್ಲೇ, ಅದನ್ನ ಬಿಟ್ಟು ವರ್ಲಿಗೆ ಯಾವೋನು ಬರ್ತಾನೆ? 1920ರ ದಶಕದ ಕೊನೇಲಿ ಎಷ್ಟೋ ರೂಮು ಖಾಲಿ ಬಿದ್ದಿದ್ವು, 1930ರಲ್ಲಿ ಕಾನೂನುಭಂಗ ಚಳುವಳಿ ಶುರುವಾಗಿ ಜೈಲು ತುಂಬಿದಾಗ ಸರ್ಕಾರ ಸತ್ಯಾಗ್ರಹಿಗಳನ್ನ ಇಲ್ಲೇ ಕೂಡಿಹಾಕ್ತು. ನಿಮ್ಮ ರೂಮ್‌ಮೇಟ್ ಕಥೆ ಹುಟ್ಟಿದ್ದು ಅಲ್ಲಿಂದ.

ಚಾಳಿನ_ಸೊಸೆ:
ನಮ್ಮ ಮಾವನೋರು ಡಿಲೈಲ್ ರೋಡ್ ಚಾಳಲ್ಲಿ ಬೆಳೆದೋರು (ಈಗ ಆ ರಸ್ತೆಗೆ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಹೆಸರು). ಅವರು ಹೇಳೋದು, ಆಮೇಲೆ ಮಿಲ್ಲಿನವರು ಬಂದ್ಮೇಲೆ ಒಂದೇ ಊರಿನ ಹತ್ತು ಹನ್ನೆರಡು ಗಂಡಸರು ಒಂದು ರೂಮು ಹಿಡಿದು ಪಾಳಿ ಪ್ರಕಾರ ಮಲಗ್ತಿದ್ರಂತೆ, ರಾತ್ರಿ ಪಾಳಿಯವನು ಬರೋ ಹೊತ್ತಿಗೆ ಹಗಲು ಪಾಳಿಯವನು ಹಾಸಿಗೆ ಬಿಟ್ಟು ಎದ್ದಿರ್ಬೇಕು. ಊಟ ಖಾನಾವಳಿ ಹೆಂಗಸರದ್ದು, ತಿಂಗಳ ಲೆಕ್ಕ, ಸಂಬಳ ಬಂದ್ಮೇಲೆ ದುಡ್ಡು. ಆ ಹೆಂಗಸರು ಲೇವಾದೇವಿಯವರ ಹತ್ರ ಒಡವೆ ಇಟ್ಟು ಅಕ್ಕಿ ತರೋದು, ಅವರ ಸಂಕಟ ನೋಡೇ 1975ರಲ್ಲಿ ಕಾರ್ಮಿಕ ಹೋರಾಟಗಾರ್ತಿ ಪ್ರೇಮಾ ಪುರವ್ ಅನ್ನಪೂರ್ಣ ಮಹಿಳಾ ಮಂಡಲ ಶುರು ಮಾಡಿದ್ದು. ಚಾಳಿನ ಇತಿಹಾಸ ಅಂದ್ರೆ ಎಲ್ರೂ ಯೂನಿಯನ್ ಭಾಷಣಾನೇ ಹೇಳ್ತಾರೆ, ಅನ್ನ ಹಾಕಿದೋರ ವಿಷ್ಯ ಯಾರೂ ಎತ್ತಲ್ಲ.

ಮುಂಬೈಗೆ_ಹೊಸಬ:
ಥ್ಯಾಂಕ್ಸ್ ಅಕ್ಕಾ. ಹಾಗಾದ್ರೆ ಆ ಟವರಲ್ಲಿ ಮನೆ ಸಿಗೋದು ಮಿಲ್ ಕಾರ್ಮಿಕರಿಗಾ?

ಪರೇಲ್_ಮಾಮ:
ಮಿಲ್ಲೇ ಇಲ್ವಲ್ಲ. 1982ರ ಜನವರೀಲಿ ಯೂನಿಯನ್ ನಾಯಕ ದತ್ತಾ ಸಾಮಂತ್ ಸ್ಟ್ರೈಕು, ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದ್ರು, ಎಷ್ಟೋ ಜನಕ್ಕೆ ವಾಪಸ್ ಕೆಲ್ಸಾನೇ ಸಿಗ್ಲಿಲ್ಲ, ಊರಿಗೆ ಹೋದ್ರು. ಈಗ ಚಾಳಲ್ಲಿ ಇರೋದು ಹಳೇ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು, ಆಮೇಲೆ ಬಂದೋರು, ಪೊಲೀಸ್ ಕುಟುಂಬಗಳೂ ಬೇಜಾನ್ ಇವೆ. ಅರ್ಹ ಬಾಡಿಗೆದಾರರಿಗೆ ಮ್ಹಾಡಾ (ರಾಜ್ಯ ಸರ್ಕಾರದ ವಸತಿ ಸಂಸ್ಥೆ) 500 ಚದರಡಿ ಸ್ವಂತ ಮನೆ ಪುಕ್ಕಟೆ ಕೊಡ್ತಿದೆ, 2025ರ ಆಗಸ್ಟಲ್ಲಿ ವರ್ಲೀಲಿ ಮೊದಲ 556 ಜನಕ್ಕೆ ಕೀಲಿ ಕೊಟ್ರು. ಉಳಿದ ಜಾಗದಲ್ಲಿ ಮಾರೋಕೆ ಬೇರೆ ಫ್ಲಾಟು, ಖರ್ಚು ಹುಟ್ಟೋದು ಅಲ್ಲಿಂದಾನೇ.

ಚಾಳಿನ_ಸೊಸೆ:
ನೋಡ್ಬೇಕಂದ್ರೆ ಬೇಗ ಹೋಗಿ ತಮ್ಮಾ, ಜಾಂಬೋರಿ ಮೈದಾನದ ಕಡೆಯಿಂದ. ಕ್ಯಾಮೆರಾ ಹಿಡ್ಕೊಂಡು ಸೀದಾ ಕಾರಿಡಾರಿಗೆ ನುಗ್ಬೇಡಿ, ಯಾರನ್ನಾದ್ರೂ ಕೇಳ್ಕೊಂಡು ಹೋಗಿ.