ಪದಚರ್ಚೆ: ಡಿಸ್ಕಿನ ‘ಖಾಲಿ ಜಾಗ’ಕ್ಕೆ ಒಂದೇ ಪದ ಸಾಕೇ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಇಟ್ಟುಕೊಂಡೇ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯನ್ನೂ ಹಾಕಿಕೊಳ್ಳಬಯಸುವವರಿಗಾಗಿ ಧಾರವಾಡದಲ್ಲಿ ನಾವು ಕೆಲವರು ಸೇರಿ ಒಂದು ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ವಿಂಡೋಸ್ 11 ಹಾಕಲು ಬಾರದ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಸಪ್ತಾಪುರದ ಕಡೆಯ ವಿದ್ಯಾರ್ಥಿಗಳು ಈ ಬಗ್ಗೆ ವಿಚಾರಿಸುತ್ತಿರುತ್ತಾರೆ. ಕೈಪಿಡಿಯ ಉಳಿದ ಭಾಗ ಹೇಗೋ ಸಾಗಿದೆ. ಡಿಸ್ಕನ್ನು ಪಾಲು ಮಾಡುವ ಅಧ್ಯಾಯದಲ್ಲಿ ಮಾತ್ರ ಪದಗಳು ಕೈಕೊಡುತ್ತಿವೆ. ಇಲ್ಲಿ ಪದ ಸಡಿಲವಾದರೆ ಓದುಗರ ಕಡತಗಳೇ ಹೋಗುತ್ತವೆ. ಆದ್ದರಿಂದ ತಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಮುಖ್ಯ ತೊಡಕು ‘ಖಾಲಿ ಜಾಗ’ ಎಂಬ ಮಾತಿನದು. ‘ಡಿ ಡ್ರೈವಿನಾಗ 120 ಜಿಬಿ ಖಾಲಿ ಐತ್ರಿ, ಆದರೂ ಜಾಗಾ ಇಲ್ಲ ಅಂತದ’ ಎಂಬುದು ನಮ್ಮಲ್ಲಿ ಪದೇ ಪದೇ ಕೇಳಿಬರುವ ದೂರು. ಹೇಳುವವರ ಮಾತೂ ನಿಜ, ಪರದೆಯ ಮಾತೂ ನಿಜ. ಡಿ ಡ್ರೈವಿನ ಒಳಗೆ ಕಡತಗಳಿಲ್ಲದೆ ಉಳಿದಿರುವ ಜಾಗ ಡಿ ಡ್ರೈವಿಗೇ ಸೇರಿದ್ದು. ಲಿನಕ್ಸಿಗೆ ಬೇಕಾದದ್ದು ಯಾವ ಪಾರ್ಟಿಶನ್ನಿಗೂ (ಸಿ, ಡಿಯಂಥ ಡಿಸ್ಕಿನ ಪಾಲಿಗೂ) ಸೇರದ ಜಾಗ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿ ಡ್ರೈವನ್ನು ಕುಗ್ಗಿಸಿದ ಮೇಲಷ್ಟೇ ಮೊದಲನೆಯದು ಎರಡನೆಯದಾಗಿ ಬದಲಾಗುತ್ತದೆ. ಸಿ ಡ್ರೈವನ್ನು ಕುಗ್ಗಿಸಲು ಹೋದರೆ ಖಾಲಿಯಿರುವಷ್ಟೂ ಜಾಗ ಬಿಟ್ಟುಬರುವುದಿಲ್ಲ, ಏಕೆಂದರೆ ಪೇಜ್ ಫೈಲ್, ಹೈಬರ್ನೇಟ್ ಕಡತ ಮುಂತಾದ ಅಲುಗಾಡದ ಕಡತಗಳು ನಡುವೆ ಕುಳಿತಿದ್ದರೆ ಕುಗ್ಗಿಸುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇದರ ಮೇಲೆ ಮೂರನೆಯ ಸ್ಥಿತಿಯೊಂದಿದೆ. 500 ಜಿಬಿಯ ಒಂದು ಹಳೆಯ ಡಿಸ್ಕನ್ನು ತೆಗೆದುಕೊಳ್ಳಿ: ಪಾರ್ಟಿಶನ್‌ಗಳನ್ನು ದಾಖಲಿಸುವ ಎಂಬಿಆರ್ ಎಂಬ ಹಳೆಯ ಪದ್ಧತಿಯದು, ಅದರಲ್ಲಿ ವಿಂಡೋಸ್ ಬೂಟ್ ಆಗಲು ಬೇಕಾದ ಚಿಕ್ಕ ಪಾರ್ಟಿಶನ್, ಸಿ, ಡಿ, ಕೊನೆಗೆ ತಯಾರಕರು ಇಟ್ಟ ರಿಕವರಿ ಪಾರ್ಟಿಶನ್, ನಾಲ್ಕೂ ಪ್ರೈಮರಿ, ಅಂದರೆ ಡಿಸ್ಕಿನ ಮುಖ್ಯ ದಾಖಲೆಯಲ್ಲೇ ನೇರವಾಗಿ ನಮೂದಾದವು. ಈ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳ ಸೆಕ್ಟರಿನೊಳಗೆ ಪಾರ್ಟಿಶನ್ ದಾಖಲೆಗೆಂದು ಇರುವುದು 64 ಬೈಟ್ ಮಾತ್ರ; ಒಂದೊಂದು ನಮೂದಿಗೆ 16 ಬೈಟ್ ಬೇಕಾದ್ದರಿಂದ ನಾಲ್ಕಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆಗ ಡಿ ಡ್ರೈವನ್ನು ಕುಗ್ಗಿಸಿ 60 ಜಿಬಿ ಬಿಡಿಸಿಕೊಂಡರೂ ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಹಳೆಯ ಇನ್‌ಸ್ಟಾಲರ್ (ಅದನ್ನು ಹಾಕಿಕೊಡುವ ತಂತ್ರಾಂಶ) ಆ ಜಾಗದ ಸಾಲಿನ ಮುಂದೆ ‘ಬಳಸಲಾಗದ್ದು’ ಎಂಬ ಅರ್ಥದ ಪದವನ್ನೇ ತೋರಿಸುತ್ತದೆ. ಜಾಗ ಯಾರದ್ದೂ ಅಲ್ಲ, ಆದರೂ ಅದನ್ನು ಯಾರ ಹೆಸರಿಗೂ ಬರೆಯಲಾಗದು. ಇಂಥಲ್ಲಿ ಡಿಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟು, ಡಿಯನ್ನು ತೆಗೆದು, ಆ ಜಾಗದಲ್ಲಿ ಒಂದು ಎಕ್ಸ್‌ಟೆಂಡೆಡ್ ಪಾರ್ಟಿಶನ್ (ತನ್ನೊಳಗೆ ಬೇರೆ ಪಾರ್ಟಿಶನ್‌ಗಳನ್ನು ಹಿಡಿಯುವಂಥದ್ದು) ಮಾಡಿ, ಅದರೊಳಗೆ ಡಿಯನ್ನೂ ಲಿನಕ್ಸನ್ನೂ ಲಾಜಿಕಲ್ ಪಾರ್ಟಿಶನ್‌ಗಳಾಗಿ ಕೂರಿಸಬೇಕು. ಲಿನಕ್ಸಿನಲ್ಲಿ ಇವುಗಳ ಸಂಖ್ಯೆ 5ರಿಂದ ಆರಂಭವಾಗುತ್ತದೆ. ವಿಂಡೋಸಿನಲ್ಲೇ ಐದನೆಯದನ್ನು ಮಾಡಲು ಹೋದರೆ ಡಿಸ್ಕನ್ನು ಡೈನಾಮಿಕ್ ಎಂಬ ವಿಂಡೋಸಿನದೇ ಬೇರೆ ಬಗೆಗೆ ಬದಲಾಯಿಸಲೇ ಎಂದು ಅದು ಕೇಳುತ್ತದೆ. ಅದಕ್ಕೆ ಒಪ್ಪಿಗೆ ಕೊಟ್ಟರೆ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಜಿಪಿಟಿ ಎಂಬ ಹೊಸ ಪದ್ಧತಿಯ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಅವಕಾಶವಿರುವುದರಿಂದ ಈ ಪ್ರಶ್ನೆಯೇ ಏಳುವುದಿಲ್ಲ.

ಈ ಮೂರಕ್ಕೂ ‘ಖಾಲಿ ಜಾಗ’ ಎಂದು ಬರೆದರೆ ಓದುಗರಿಗೆ ದಾರಿ ತಪ್ಪುವುದು ಖಂಡಿತ. ಇವಕ್ಕೆ ಕ್ರಮವಾಗಿ ನಾನು ಸದ್ಯಕ್ಕೆ ಇಟ್ಟುಕೊಂಡಿರುವುದು ‘ತುಂಬದ ಜಾಗ’, ‘ಹಂಚದ ಜಾಗ’, ‘ಹಂಚಲಾಗದ ಜಾಗ’ ಎಂಬ ಪದಗಳನ್ನು. ‘ಹಂಚಿಕೆಯಾಗದ ಸ್ಥಳಾವಕಾಶ’ ಎಂಬ ರೂಪವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಓದಿದವರಿಗೆ ಹಂಚುವುದು ತಾವೋ ಯಂತ್ರವೋ ಎಂಬುದೇ ತಿಳಿಯುವುದಿಲ್ಲ. ಆದರೆ ‘ಹಂಚದ’ ಮತ್ತು ‘ಹಂಚಲಾಗದ’ ಎಂಬವು ಅವಸರದಲ್ಲಿ ಓದುವಾಗ ಒಂದೇ ಆಗಿ ಕಂಡಾವೆಂಬ ಅಳುಕು ನನಗಿದೆ.

ಈ ಭಾಗದ ಜನರಿಗೆ ತಿಳಿಹೇಳಲು ಜಮೀನಿನ ಲೆಕ್ಕ ಬಹಳ ಅನುಕೂಲವಾಗಿದೆ. ಸರ್ವೇ ನಂಬರಿನಲ್ಲಿ ಹಿಸ್ಸೆಗಳಿರುತ್ತವೆ, ಯಾವ ಹಿಸ್ಸೆ ಯಾರದ್ದೆಂಬುದು ಉತಾರ ಎಂಬ ಜಮೀನಿನ ದಾಖಲೆಯಲ್ಲಿರುತ್ತದೆ. ನನ್ನ ಹಿಸ್ಸೆಯಲ್ಲಿ ಬಿತ್ತದೆ ಬಿಟ್ಟ ಪಟ್ಟಿಯೂ ನನ್ನ ಹೆಸರಿನಲ್ಲೇ ಇರುತ್ತದೆ. ಉತಾರದಿಂದ ಹೆಸರು ಕಡಿಮೆಯಾದರೆ ಹೊಲ ಎಲ್ಲಿಗೂ ಹೋಗುವುದಿಲ್ಲ. ಪಾರ್ಟಿಶನ್ ತೆಗೆದಾಗಲೂ ಮೊದಲು ಹೋಗುವುದು ದಾಖಲೆಯೇ. ಮೇಲೆ ಹೊಸದೇನನ್ನೂ ಬರೆಯದಿದ್ದರೆ ಟೆಸ್ಟ್‌ಡಿಸ್ಕ್‌ನಂಥ ಸಲಕರಣೆಯಿಂದ ಎಷ್ಟೋ ಸಲ ಅದನ್ನು ಮರಳಿ ಪಡೆಯಬಹುದಾಗಿರುವುದು ಇದರಿಂದಲೇ. ಆದ್ದರಿಂದ ಈ ದಾಖಲೆಗೆ, ಅಂದರೆ ಪಾರ್ಟಿಶನ್ ಟೇಬಲ್‌ಗೆ, ‘ಕೋಷ್ಟಕ’ ಎನ್ನುವುದಕ್ಕಿಂತ ‘ಪಾರ್ಟಿಶನ್ ಉತಾರ’ ಎನ್ನುವುದು ನನಗೆ ಹಿತವೆನಿಸುತ್ತದೆ. ಆದರೆ ಪಹಣಿ ಎನ್ನುವ ಮೈಸೂರು, ಹಾಸನದ ಕಡೆಯವರಿಗೆ ಉತಾರ ಎಂಬುದು ಹೊಳೆಯುವುದೇ?

ಪಾರ್ಟಿಶನ್ ಎಂಬ ಪದವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ನನ್ನ ನಿಲುವು. ಪರದೆಯ ಮೇಲೆ ಕಾಣುವುದೂ ಅದೇ, ಅಂಗಡಿಯವರು ಆಡುವುದೂ ಅದೇ. ‘ವಿಭಾಗ’ ಎಂದರೆ ಕೈಪಿಡಿಯ ವಿಭಾಗವೋ ಕಾಲೇಜಿನ ವಿಭಾಗವೋ ಎಂದು ಓದುಗರು ತಡವರಿಸಬೇಕಾಗುತ್ತದೆ.

‘ಫಾರ್ಮ್ಯಾಟ್’ ಪದದ ವಿಷಯದಲ್ಲಿ ನನಗೆ ಈ ಧೈರ್ಯವಿಲ್ಲ. ಹುಬ್ಬಳ್ಳಿಯ ಅಂಗಡಿಗಳಲ್ಲಿ ‘ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸುವುದು’ ಎಂದರೆ ವಿಂಡೋಸನ್ನು ಹೊಸದಾಗಿ ಹಾಕಿಸುವುದು ಎಂದೇ ಅರ್ಥ. ಇನ್‌ಸ್ಟಾಲರಿನ ಫಾರ್ಮ್ಯಾಟ್ ಎಂಬ ಗುರುತುಚೌಕ ಆ ಒಂದು ಪಾರ್ಟಿಶನ್ನಿನಲ್ಲಿ ಹೊಸ ಕಡತವ್ಯವಸ್ಥೆ (ಕಡತಗಳನ್ನು ಇಡುವ ಏರ್ಪಾಡು) ಹೂಡುತ್ತದೆ, ಅಂದರೆ ಅದರಲ್ಲಿದ್ದ ಕಡತಗಳೆಲ್ಲ ಹೋಗುತ್ತವೆ. ಯುಇಎಫ್‌ಐ ಎಂಬ ಹೊಸ ಆರಂಭ ವ್ಯವಸ್ಥೆಯ ಯಂತ್ರಗಳಲ್ಲಿ ಇಎಫ್‌ಐ ಪಾರ್ಟಿಶನ್ನಿನ ಮುಂದೆ ಆ ಗುರುತು ಹಾಕಿದರೆ ವಿಂಡೋಸ್ ಆರಂಭವಾಗಲು ಬೇಕಾದ ಕಡತಗಳೇ ಅಳಿಸಿಹೋಗುತ್ತವೆ. ಆ ಪಾರ್ಟಿಶನ್ ಎರಡು ವ್ಯವಸ್ಥೆಗಳಿಗೂ ಸಾಮಾನ್ಯವಾದದ್ದು; ಅದನ್ನು ಆರಿಸಿಕೊಳ್ಳಬೇಕು, ಫಾರ್ಮ್ಯಾಟ್ ಮಾಡಕೂಡದು. ಜನಬಳಕೆಯ ಅರ್ಥ ಇಷ್ಟು ಬೇರೂರಿರುವಾಗ ‘ಫಾರ್ಮ್ಯಾಟ್’ ಎಂದೇ ಬರೆದು ಪಕ್ಕದಲ್ಲಿ ಎಚ್ಚರಿಕೆ ಕೊಡುವುದು ಲೇಸೋ, ‘ಹೊಸದಾಗಿ ಅಣಿಗೊಳಿಸು’ ಎಂಬಂಥ ಬೇರೆ ಪದ ತರುವುದು ಲೇಸೋ? ಬೇರೆ ಪದ ತಂದರೆ ಓದುಗರು ಪರದೆಯಲ್ಲಿ ಅದನ್ನು ಹುಡುಕಿ ಸೋಲಬಹುದು; ಇದನ್ನೇ ಉಳಿಸಿದರೆ ಅಂಗಡಿಯ ಅರ್ಥದಲ್ಲೇ ಓದಿಕೊಂಡು ಗುರುತು ಹಾಕಿಬಿಡಬಹುದು.

ಹಾವೇರಿ, ಗದಗ ಕಡೆಯವರು ತಮ್ಮಲ್ಲಿ ಹಂಚದ ಜಾಗಕ್ಕೆ ಆಡುವ ಮಾತು ಬೇರೆ ಇದ್ದರೆ ದಯವಿಟ್ಟು ತಿಳಿಸಿ. ‘ಹಂಚಲಾಗದ ಜಾಗ’ಕ್ಕೆ ಕಣ್ಣಿಗೂ ಕಿವಿಗೂ ಬೇರೆಯಾಗಿ ತೋರುವ ಪದವೊಂದು ಸಿಕ್ಕರೆ ಆ ಅಧ್ಯಾಯವನ್ನು ಅಚ್ಚಿಗೆ ಕೊಡುವ ಮುನ್ನವೇ ಬದಲಾಯಿಸಿಕೊಳ್ಳುತ್ತೇವೆ.