ಪುಟ್ಟಿಗೆ ದೊಡ್ಡಮ್ಮನ ಉತ್ತರ, ಎಲ್ಲರೂ ಕೇಳಿಸಿಕೊಳ್ಳಿ

ಪುಟ್ಟಿ, ನಾನು ದೊಡ್ಡಮ್ಮ. ಟೈಪ್ ಮಾಡುವುದಕ್ಕೆ ಕಣ್ಣು ಹಿಡಿಯುವುದಿಲ್ಲ, ಮೈಕ್ ಒತ್ತಿಕೊಂಡು ಮಾತಾಡುತ್ತಿದ್ದೇನೆ. ಅದೇ ಅಕ್ಷರ ಮಾಡಿಕೊಳ್ಳುತ್ತದೆ. ತಪ್ಪಿದ್ದರೆ ನೀವೇ ಸರಿ ಮಾಡಿ ಓದಿಕೊಳ್ಳಿ.

ಬೆಳಿಗ್ಗೆ ಆರೂವರೆಗೇ ಈ ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ನೋಡಿದೆ. ಸೋಮವಾರದಿಂದ ಗೈನಿಕ್ ಓಟಿಗೆ, ಅಂದರೆ ಹೆಂಗಸರ ಆಪರೇಷನ್ ಥಿಯೇಟರಿಗೆ, ನರ್ಸ್ ಡ್ಯೂಟಿ ಹಾಕಿದ್ದಾರೆ, ಎಂಟಿಪಿ ಅಂದರೆ ಗರ್ಭ ತೆಗೆಯುವ ಕೇಸಿಗೆ ಟ್ರಾಲಿ ಪಕ್ಕ ನಿಲ್ಲುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೇಳಿದರೆ "ಆಗಲ್ಲ ಅಂದ್ರೆ ರಿಸೈನ್ ಮಾಡು" ಅಂದರು, ಏನು ಮಾಡಲಿ ಅಂತ ಕೇಳಿದ್ದೀಯ. ಅದರ ಕೆಳಗೆ ಹದಿನೇಳು ಜನ ಕೈಮುಗಿಯುವ ಚಿತ್ರ ಹಾಕಿದ್ದಾರೆ. ದೊಡ್ಡ ಉಪಕಾರ.

ಭಾವನವರು "ಬಿಟ್ಟು ಬಾ, ಬೇರೆ ಕೆಲಸ ಸಿಗತ್ತೆ" ಅಂದಿದ್ದಾರೆ. ಅವರಿಗೇನು, ಪೆನ್ಷನ್ ಬರುತ್ತದೆ. ನಮ್ಮ ಲಂಡನ್ ಹುಡುಗ "ನರ್ಸ್‌ಗೆ ಬೇಡ ಅನ್ನುವ ಹಕ್ಕು ಕಾನೂನಿನಲ್ಲೇ ಇದೆ" ಅಂತ ಬರೆದಿದ್ದಾನೆ. ಮಗು, ಅದು ನಿಮ್ಮ ಊರಲ್ಲಿ. ಅಲ್ಲಿಯ 1967ರ ಕಾಯ್ದೆಯಲ್ಲಿ ಹಾಗೊಂದು ಕಲಂ ಇದೆ, ನಿಜ. ಅಲ್ಲೂ ತಾಯಿಯ ಜೀವಕ್ಕೆ ಕುತ್ತು ಬಂದಾಗ ಆ ಮಾತು ನಡೆಯುವುದಿಲ್ಲ. ನಮ್ಮದು 1971ರ ಎಂಟಿಪಿ ಕಾಯ್ದೆ. 2021ರಲ್ಲಿ ತಿದ್ದಿದರು. 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು, ಕೆಲವರಿಗೆ 24 ವಾರದವರೆಗೆ ಇಬ್ಬರದು ಬೇಕು ಅಂತೆಲ್ಲ ಬಂತು. ಆದರೆ ನರ್ಸ್ "ನನ್ನ ಮನಸ್ಸು ಒಪ್ಪಲ್ಲ" ಅಂತ ಹಿಂದೆ ಸರಿಯುವುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಡಾಕ್ಟರುಗಳಿಗಂತೂ 2002ರ ನಿಯಮದಲ್ಲೇ ಹೇಳಿದ್ದಾರೆ, ವೈದ್ಯಕೀಯ ಕಾರಣ ಇರುವಾಗ ಬರೀ ಧರ್ಮದ ಹೆಸರು ಹೇಳಿ ಬೇಡ ಅನ್ನುವ ಹಾಗಿಲ್ಲ ಅಂತ.

ಅದಿರಲಿ. ನಾನು ಹೇಳಬೇಕಾದ್ದು ಒಂದೇ. ಬೇಡ ಅನ್ನುವುದಿದ್ದರೆ ಮೇಲಿನವರ ಮೇಜಿನ ಮುಂದೆ ನಿಂತು ಹೇಳು, ಪೇಷಂಟ್ ಮಂಚದ ಮುಂದೆ ನಿಂತು ಹೇಳಬೇಡ. ಯಾಕೆ ಅಂದರೆ ನಾನೂ ನರ್ಸಾಗಿದ್ದಾಗ ಮಂಚದ ಮುಂದೆ ನಿಂತು ಹೇಳಿದ್ದೆ.

ನಿಮಗೆಲ್ಲ ಗೊತ್ತು, ಮದುವೆಯಾಗಿ ನಾಲ್ಕು ವರ್ಷ ನನಗೆ ಮಕ್ಕಳಾಗಲಿಲ್ಲ. ನಮ್ಮತ್ತೆಯೇ ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದರು. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಮಧ್ಯಾಹ್ನದ ಬಿಸಿಲಲ್ಲಿ ಆ ನಾಗರಕಲ್ಲುಗಳ ಮಧ್ಯೆ ನಿಂತುಕೊಂಡು ಹರಕೆ ಹೊತ್ತೆ. ನನಗೊಂದು ಮಗು ಆಗುವವರೆಗೂ ಗರ್ಭ ತೆಗೆಯುವ ಕೆಲಸಕ್ಕೆ ನನ್ನ ಕೈ ಹಾಕುವುದಿಲ್ಲ ಅಂತ. ಅತ್ತೆಗೂ ಹೇಳಲಿಲ್ಲ, ಮನಸ್ಸಿನಲ್ಲೇ ಹೇಳಿಕೊಂಡದ್ದು. 1986ನೇ ಇಸವಿ. ಕೆಲಸ ಮಾಡುತ್ತಿದ್ದ ಆಸ್ಪತ್ರೆ ಯಾವುದು ಅಂತಲೂ ನಿಮಗೆ ಗೊತ್ತು, ಹೆಸರು ಬೇಡ.

ನರ್ಸುಗಳ ಮೇಲಿನವರು ಮೇಟ್ರನ್, ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಗುತ್ತಾರೆ ಅಂತ ಭಯ, ತೆಗೆದುಹಾಕುತ್ತಾರೆ ಅಂತ ಇನ್ನೂ ಭಯ. ನನ್ನ ಜೊತೆಯವಳು ಒಬ್ಬಳಿದ್ದಳು, ಮಂಗಳೂರು ಕಡೆಯವಳು. ಅವಳ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡೆ. ಎಂಟಿಪಿ ಬಂದರೆ ಅವಳು ಹೋಗುವುದು, ಅವಳ ಎನಿಮಾ, ಡ್ರೆಸ್ಸಿಂಗ್ ಎಲ್ಲ ನಾನು ಮಾಡುವುದು. ಏಳೆಂಟು ತಿಂಗಳು ಚೆನ್ನಾಗಿಯೇ ನಡೆಯಿತು. ನಾನೇನೋ ಬಹಳ ಜಾಣೆ ಅಂದುಕೊಂಡಿದ್ದೆ.

ಆಮೇಲೆ ಒಂದು ರಾತ್ರಿ ಅವಳು ರಜೆ. ಅಣ್ಣನ ಮದುವೆ ಅಂತ ಊರಿಗೆ ಹೋಗಿದ್ದಳು. ಹನ್ನೊಂದೂವರೆ ಇರಬೇಕು, ಆಟೋದಲ್ಲಿ ಒಬ್ಬಳನ್ನು ಕರೆತಂದರು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಗರ್ಭ ಇಳಿಸುವುದಕ್ಕೆ ಎಲ್ಲೋ ಯಾರ ಹತ್ತಿರವೋ ಕಡ್ಡಿ ಹಾಕಿಸಿಕೊಂಡು ಬಂದಿದ್ದಳು. ಕಾನೂನು ಬಂದು ಆಗಲೇ ಹದಿನೈದು ವರ್ಷ, ಆದರೂ ಹೆದರಿಕೊಂಡು ಹಾಗೆ ಮಾಡಿಸಿಕೊಳ್ಳುವವರು ಬರುತ್ತಲೇ ಇದ್ದರು. ಮೈ ಕೆಂಡ. ಲಂಗ ಪೂರ್ತಿ ಒದ್ದೆ. ಡಾಕ್ಟರಮ್ಮ ನಾಡಿ ಹಿಡಿದು ನೋಡಿ "ಸಿಸ್ಟರ್, ಡಿ ಅಂಡ್ ಸಿ ಸೆಟ್, ಬೇಗ" ಅಂದರು. ಗರ್ಭಕೋಶ ಕೆರೆದು ಸ್ವಚ್ಛ ಮಾಡುವ ಸಾಮಾನು ಅದು.

ನಾನು ನಿಂತುಬಿಟ್ಟೆ ಪುಟ್ಟಿ. ಅದು ಮಗು ತೆಗೆಯುವ ಕೆಲಸ ಅಲ್ಲವೇ ಅಲ್ಲ, ಆಗಲೇ ಎಲ್ಲ ಮುಗಿದು ಹೋಗಿತ್ತು, ಇವಳನ್ನು ಉಳಿಸಿಕೊಳ್ಳುವ ಕೆಲಸ ಅದು. ಓದಿದವಳಿಗೆ ಅಷ್ಟು ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಆ ಕ್ಯೂರೆಟ್, ಆ ಡೈಲೇಟರ್ ಎಲ್ಲ ಅದೇ ಸೆಟ್ಟು. ಕಣ್ಣಮುಂದೆ ನಾಗರಕಲ್ಲು ಬಂತು. "ಮೇಲಿನ ವಾರ್ಡಿಂದ ಬೇರೆ ಸಿಸ್ಟರ್‌ನ ಕರೆಸ್ತೀನಿ ಮೇಡಂ" ಅಂದುಬಿಟ್ಟೆ. ಆಯಮ್ಮನ್ನ ಮೆಟ್ಟಿಲು ಹತ್ತಿಸಿ ಕಳಿಸಿದೆ. ಮೇಲಿನವಳು ಒಬ್ಬ ಪೇಷಂಟಿಗೆ ಡ್ರಿಪ್ ಹಾಕುತ್ತಿದ್ದಳಂತೆ, ಅದು ಮುಗಿಸಿ ಬಂದಳು. ಇಪ್ಪತ್ತು ನಿಮಿಷ. ಅಷ್ಟು ಹೊತ್ತು ನಾನು ಬಾಗಿಲ ಹತ್ತಿರ ನಿಂತಿದ್ದೆ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಜೀವ ಉಳಿಯಿತು. ಆದರೆ ಬೆಳಗಿನ ಜಾವ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಆ ಇಪ್ಪತ್ತು ನಿಮಿಷದಿಂದಲೇ ಹಾಗಾಯಿತಾ, ಬರುವಾಗಲೇ ಕೈ ಮೀರಿತ್ತಾ, ಡಾಕ್ಟರಮ್ಮ ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗ್ಲೌಸ್ ಬಿಚ್ಚುತ್ತಾ ಗೋಡೆ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಕೈ ತೊಳೆಯಲು ಹೋದರು.

ಅವಳ ಸೀರೆ ಬಕೆಟ್ಟಿಗೆ ಹಾಕಿದ್ದು ನಾನೇ. ಸೆರಗಿನ ತುದಿಯಲ್ಲಿ ಗಂಟಿತ್ತು. ಬಿಚ್ಚಿದರೆ ಎರಡು ರೂಪಾಯಿ ನೋಟು, ಮಡಚಿದ ಬಿಟಿಎಸ್ ಬಸ್ ಟಿಕೆಟ್ಟು, ಒಂದು ಅಡಿಕೆ ಹೋಳು. ಕಾಗದದಲ್ಲಿ ಸುತ್ತಿ ಅವಳ ದಿಂಬಿನ ಕೆಳಗಿಟ್ಟೆ. ಎರಡು ದಿನ ಆದಮೇಲೆ "ಅಕ್ಕಾ, ನನ್ನ ದುಡ್ಡು ನೀವೇ ತೆಗೆದಿಟ್ಟಿರಂತೆ" ಅಂತ ನನಗೇ ಥ್ಯಾಂಕ್ಸ್ ಹೇಳಿದಳು.

ಆವತ್ತೇ ಮೇಟ್ರನ್ ಹತ್ತಿರ ಹೋದೆ. ಕೇರಳದವರು, ಅರ್ಧ ಕನ್ನಡ ಅರ್ಧ ಮಲಯಾಳ. ಎಲ್ಲ ಹೇಳಿದೆ, ಹರಕೆ, ಗುಟ್ಟಿನ ಬದಲಿ ಡ್ಯೂಟಿ, ಎಲ್ಲ. ಅವರು ನಗಲಿಲ್ಲ. "ಇದು ಮೊದಲೇ ಹೇಳಿದ್ದರೆ ಲೇಬರ್ ವಾರ್ಡಿಗೆ ಹಾಕ್ತಿದ್ದೆ, ಐದು ನಿಮಿಷದ ಕೆಲಸ" ಅಂದರು. ಐದು ನಿಮಿಷದ್ದು! ಆಮೇಲೆ ಹಾಗೇ ಮಾಡಿದರು. ಆದರೆ ಸುಮ್ನೆ ಅಲ್ಲ. ಹಬ್ಬದ ನೈಟ್ ಡ್ಯೂಟಿ ಎಲ್ಲ ನನ್ನದು ಅಂದರು. ನಿಮ್ಮೆಲ್ಲರ ದೀಪಾವಳಿ ಫೋಟೋದಲ್ಲಿ ನಾನು ಯಾಕಿಲ್ಲ ಅಂತ ಕೇಳುತ್ತೀರಲ್ಲ, ಇದಕ್ಕೇ. 1989ರಲ್ಲಿ ನಮ್ಮ ಹುಡುಗ ಹುಟ್ಟಿದ, ಹರಕೆಯೂ ತೀರಿತು, ಆದರೂ ಆ ಹಬ್ಬದ ಡ್ಯೂಟಿ ಬಿಡಿಸಿಕೊಳ್ಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಹರಕೆ ನನ್ನದು ತಾನೇ, ಅದರ ಬಾಬ್ತು ನಾನೇ ಕಟ್ಟಬೇಕು. ಆ ಹುಡುಗಿಯ ಕೈಲಿ ಯಾಕೆ ಕಟ್ಟಿಸಿದೆ?

ಅದಕ್ಕೇ ಮತ್ತೆ ಹೇಳುತ್ತೇನೆ. ಮೇಜಿನ ಮುಂದೆ ಹೇಳು ಪುಟ್ಟಿ, ಮಂಚದ ಮುಂದೆ ಬೇಡ. ಮಲಗಿರುವವಳಿಗೆ ನಿನ್ನ ಮುಖ ಕಾಣುತ್ತಿರುತ್ತದೆ.

ಇನ್ನೊಂದು ಮಾತು, ಇದು ಬೇರೆ. ಸ್ಕ್ಯಾನಿಂಗ್‌ನಲ್ಲಿ ಹೆಣ್ಣು ಅಂತ ಗೊತ್ತಾಗಿ ತೆಗೆಸುವುದಕ್ಕೆ ಬಂದಿದ್ದಾರೆ ಅಂತ ನಿನಗೆ ಕಂಡರೆ ಅಲ್ಲಿ ಮೇಜೂ ಇಲ್ಲ, ಮಂಚವೂ ಇಲ್ಲ. ಅದು ನಂಬಿಕೆ ವಿಷಯ ಅಲ್ಲ, ಅಪರಾಧ. ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ 1994ರಿಂದ ಕಾನೂನಿದೆ. 2023ರಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಹಿಡಿದರಲ್ಲ, ಮಂಡ್ಯದ ಆಲೆಮನೆಯೊಳಗೆ ಸ್ಕ್ಯಾನಿಂಗ್ ಮಿಷನ್ ಇಟ್ಟುಕೊಂಡವರನ್ನ. ಆಲೆಮನೆಯಲ್ಲಿ! ಬೆಲ್ಲ ಕಾಯಿಸುವ ಜಾಗದಲ್ಲಿ. ಅಂಥ ಕಡೆ ಕೈ ಕಟ್ಟಿಕೊಂಡು ನಿಲ್ಲುವುದೂ ತಪ್ಪೇ, ದೂರು ಕೊಡಬೇಕು.

ಈಗ ಭಾವನವರ ಮಾತಿಗೆ ಬರುತ್ತೇನೆ. "ಬಿಟ್ಟು ಬಾ, ನರ್ಸ್ ಕೆಲಸವೇ ಹಂಗೆ" ಅಂತ ಬರೆದಿದ್ದಾರೆ. ಹಂಗೆ ಅಂದರೆ ಹೆಂಗೆ ಭಾವ? ನಾನು ಡ್ಯೂಟಿಯಿಂದ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿ ಒಳಗೆ ಬರಬೇಕಿತ್ತು. ನಮ್ಮ ಮನೆಗೆ ಬಂದರೆ ನೀವು ಕಾಫಿ ಮುಟ್ಟುತ್ತಿರಲಿಲ್ಲ, "ಈಗ ತಾನೇ ಕುಡಿದೆ" ಅನ್ನುತ್ತಿದ್ದಿರಿ, ಹತ್ತು ವರ್ಷ ಈಗ ತಾನೇ ಕುಡಿದಿರಿ. 2021ರ ಏಪ್ರಿಲ್‌ನಲ್ಲಿ, ಕೋವಿಡ್ ಸಮಯದಲ್ಲಿ, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಿದಿರಿ? ಬೆಡ್ ಕೇಳುವ 1912 ನಂಬರಿಗೆ ಮಾಡಿದರೆ ಲೈನ್ ಸಿಗುತ್ತಿಲ್ಲ, ಕೋವಿಡ್ ಪೇಷಂಟಿಗೆ ಕೊಡುವ ಬಿಯು ನಂಬರ್ ಬಂದಿಲ್ಲ, ಬೆಡ್ ಇಲ್ಲ ಅಂತ ಅತ್ತಿರಿ. ನಾನು ರಿಟೈರ್ ಆದವಳು, ಹಳೇ ಡೈರಿ ತೆಗೆದು ಒಬ್ಬೊಬ್ಬ ಸಿಸ್ಟರಿಗೂ ಫೋನ್ ಮಾಡಿ ಆಕ್ಸಿಜನ್ ಬೆಡ್ ಹೊಂದಿಸಿದೆ. ಹೋದ ವರ್ಷ ನಾಗರಬಾವಿ ಮನೆ ಗೃಹಪ್ರವೇಶದಲ್ಲಿ ನನ್ನನ್ನ ಮೂರನೇ ಪಂಕ್ತಿಗೆ ಕೂರಿಸಿದಿರಿ. ಹೋಳಿಗೆ ಮುಗಿದಿತ್ತು. ಹೋಳಿಗೆಗಾಗಿ ಹೇಳುತ್ತಿಲ್ಲ.

ಸಂಬಳದ ಕಥೆ ಎತ್ತಿದರೆ ಇವತ್ತು ಮುಗಿಯುವುದಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕೆ ಕಡಿಮೆ ಕೊಡಬಾರದು ಅಂತ ಶಿಫಾರಸು ಮಾಡಿತು. ಮೂವತ್ತು ವರ್ಷಕ್ಕಿಂತ ಜಾಸ್ತಿ ದುಡಿದ ನನಗೆ ರಿಟೈರ್ ಆಗುವಾಗ ಅಷ್ಟೂ ಬರುತ್ತಿರಲಿಲ್ಲ. ಶಿಫಾರಸು ಅಂದರೆ ಶಿಫಾರಸು, ಅಷ್ಟೇ. ಅಷ್ಟು ಕಡಿಮೆ ಕೊಟ್ಟು, ಅದರ ಮೇಲೆ "ರಿಸೈನ್ ಮಾಡು" ಅನ್ನುವುದಕ್ಕೆ ಮಾತ್ರ ಎಲ್ಲರಿಗೂ ಬಾಯಿ ಇದೆ.

ಏನು ಹೇಳುತ್ತಿದ್ದೆ? ಹಾಂ, ಕಾಗದ. ಪುಟ್ಟಿ, ಸಿಟ್ಟಲ್ಲಿ ರಿಸೈನ್ ಬರೆದುಕೊಡಬೇಡ. ಮೊದಲು ನಿನ್ನ ಅಪಾಯಿಂಟ್‌ಮೆಂಟ್ ಆರ್ಡರ್ ತೆಗೆದು ನೋಟಿಸ್ ಎಷ್ಟು ದಿನ ಅಂತ ನೋಡು. ನಿನ್ನ ಒರಿಜಿನಲ್ ಸರ್ಟಿಫಿಕೇಟ್ ಅವರ ಹತ್ತಿರ ಇದೆಯಾ ಅಂತ ನೋಡು. ಇನ್‌ಚಾರ್ಜ್ ಅಂದದ್ದು ಬಾಯಿಮಾತು. ಅವರ ಮೇಲಿನವರು ನರ್ಸಿಂಗ್ ಸೂಪರಿಂಟೆಂಡೆಂಟ್, ಕಾಗದ ಅವರ ಹೆಸರಿಗೆ ಬರೆ. ಜಾಸ್ತಿ ಬೇಡ, ಅರ್ಧ ಪುಟ. ಮೊದಲೇ ದಿನ ಗೊತ್ತು ಮಾಡಿದ ಎಂಟಿಪಿ ಲಿಸ್ಟಿಗೆ ನನ್ನನ್ನು ಹಾಕಬೇಡಿ ಅಂತ ವಿನಂತಿ, ಬದಲಿಗೆ ಲೇಬರ್ ವಾರ್ಡೋ ಐಸಿಯುವೋ ಹೆಚ್ಚಿನ ನೈಟೋ ಮಾಡುತ್ತೇನೆ ಅಂತ ಬರೆ. ರಕ್ತ ಹೋಗುತ್ತಿರುವ ಕೇಸು, ಜೀವಕ್ಕೆ ಅಪಾಯ ಇರುವ ಕೇಸು ಬಂದರೆ ಹಿಂದೆಮುಂದೆ ನೋಡದೆ ನಿಲ್ಲುತ್ತೇನೆ ಅಂತ ಸ್ಪಷ್ಟವಾಗಿ ಬರೆ. ಇದು ಬರೆಯದಿದ್ದರೆ ಉಳಿದದ್ದು ಬರೆಯಲೇಬೇಡ. ದೇವರು, ಪಾಪ, ಪುಣ್ಯ ಅದರಲ್ಲಿ ಬೇಡ. ಎರಡು ಪ್ರತಿ ಮಾಡಿ ಒಂದರ ಮೇಲೆ ಕಾಗದ ತಲುಪಿತು ಅನ್ನುವ ಇನ್‌ವರ್ಡ್ ಸೀಲು, ತಾರೀಕು ಹಾಕಿಸಿಕೋ.

ಅವರು ಒಪ್ಪದಿದ್ದರೆ? ಆಗ ಎರಡೇ ದಾರಿ. ಪೂರ್ತಿ ಮನಸ್ಸಿಟ್ಟು ನಿಲ್ಲು, ಇಲ್ಲ ನೋಟಿಸ್ ಕೊಟ್ಟು ಬೇರೆ ಕಡೆ ನೋಡಿಕೋ. ನನ್ನ ಹಾಗೆ ಗುಟ್ಟಾಗಿ ಬದಲಿ ಮಾಡಿಕೊಳ್ಳಬೇಡ. ನಿಂತರೆ ಆ ಹೆಣ್ಣುಮಗಳಿಗೆ ಒಂದು ಮಾತೂ ಅನ್ನಬೇಡ, ಮುಖವನ್ನೂ ಗಂಟು ಹಾಕಿಕೊಳ್ಳಬೇಡ. ಹದಿನೆಂಟು ತುಂಬಿದವಳಾದರೆ ಅವಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿಯೂ ಬೇಕಿಲ್ಲ. ಇನ್ನು ನಿನ್ನ ಒಪ್ಪಿಗೆ ಕೇಳುತ್ತಾಳಾ?

ಅಯ್ಯೋ, ಮೊದಲು ಹೇಳಬೇಕಾದ್ದೇ ಮರೆತೆ. ಬೆಳಿಗ್ಗೆ ಹಾಕಿದ ಮೆಸೇಜಲ್ಲಿ ನಿನ್ನೆ ಬಂದ ಹುಡುಗಿ ಎಲ್ಲಿಯವಳು, ಏನು ಓದುತ್ತಾಳೆ ಅಂತ ಬರೆದಿದ್ದೀಯ. ಅದನ್ನ ಈಗಲೇ ಅಳಿಸು, ಎಲ್ಲರಿಗೂ ಹೋಗುವ ಹಾಗೆ ಅಳಿಸು. ಈ ಗ್ರೂಪಲ್ಲಿ ನಲವತ್ತಮೂರು ಜನ ಇದ್ದೇವೆ, ಅವಳ ಬೀದಿಯವರೇ ಯಾರಾದರೂ ಇರಬಹುದು. ಹಾಗೆ ಗುರುತು ಹೊರಗೆ ಬಿಟ್ಟ ಡಾಕ್ಟರಿಗೆ ಒಂದು ವರ್ಷದ ತನಕ ಜೈಲು ಅಂತ 2021ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಡಾಕ್ಟರ್ ಅಂತ ಬರೆದಿದೆ, ಹಾಗಂತ ನರ್ಸ್ ಹೇಳಿಕೊಂಡು ಓಡಾಡಬಹುದು ಅಂತ ಅಲ್ಲ. ಬೇರೆಯವರೂ ಯಾರಾದರೂ ಮುಂದಕ್ಕೆ ಕಳಿಸಿದ್ದರೆ ಅಳಿಸಿ. ಭಾವ, ನೀವೂ.

ಅಳಿಸಿದ ಮೇಲೆ ನನಗೆ ನೇರ ಫೋನ್ ಮಾಡು, ಇಲ್ಲಿ ಬೇಡ. ಭಾನುವಾರ ಕಾಗದ ಬರೆದುಕೊಂಡು ಮನೆಗೆ ಬಾ, ನೋಡಿಕೊಡುತ್ತೇನೆ. ಬಿಳಿ ಹಾಳೆಯಲ್ಲಿ ಬರೆ, ಗೆರೆ ಇರುವುದು ಬೇಡ.